ಹೊಲಿದ ದನಿ

ಬಚ್ಚಲಮನೆಯ ಕನ್ನಡಿಯೆದುರು ನಿಂತು ಗಂಡ "ನಮಸ್ಕಾರ" ಅಭ್ಯಾಸ ಮಾಡುತ್ತಿದ್ದದ್ದು ಅಡುಗೆಮನೆಯಲ್ಲಿದ್ದ ಅವಳಿಗೆ ಕೇಳಿಸುತ್ತಿತ್ತು. ಒಮ್ಮೆ ದಪ್ಪಗೆ, ಒಮ್ಮೆ ತೆಳ್ಳಗೆ, ಮತ್ತೊಮ್ಮೆ ಬಹಳ ದಿನಕ್ಕೆ ಮನೆಗೆ ಬಂದವರನ್ನು ಬಾಗಿಲಲ್ಲೇ ಕಂಡು ಖುಷಿಪಟ್ಟವರ ಹಾಗೆ. ಕೊನೆಯದೇ ಸರಿ ಎಂದು ಅವಳು ಒಲೆಯ ಮುಂದೆ ನಿಂತು ತೀರ್ಪು ಕೊಡುವಷ್ಟರಲ್ಲಿ ಹಾಲು ಉಕ್ಕಿ ಹರಿಯಿತು. ಹಾಳಾದ್ದು, ಎಂದು ಹಾಲನ್ನು ಬೈದಳು, ಬೈಯಬೇಕಾದದ್ದು ಹಾಲನ್ನಲ್ಲ. ನಿನ್ನೆ ಸಂಜೆ ರೇಡಿಯೊ ನಿಲಯದಿಂದ ಫೋನು ಬಂದಾಗ ಅವಳ ಕೈಯೆಲ್ಲ ಹಿಟ್ಟು. ಒರೆಸಿಕೊಂಡು ಓಡಿ ಬರುವುದರೊಳಗೆ ಅವನು ಎತ್ತಿಕೊಂಡು, ಓಹೋ, ಅದಕ್ಕೇನಂತೆ, ಧಾರಾಳವಾಗಿ, ಬೆಳಗ್ಗೆಯಿಂದ ಸಂಜೆಯವರೆಗೂ ನಾನೇ ಕೂತ್ಕೋತೀನಿ ಎಂದು ಒಪ್ಪಿಕೊಂಡಾಗಿತ್ತು. ಪಾಳಿಯ ಉದ್ಘೋಷಕಿಗೆ ಗಂಟಲು ಕಟ್ಟಿದೆಯಂತೆ. ಕಟ್ಟಲಿ, ಅದಕ್ಕೆ ಇವನೇ ಆಗಬೇಕೇ? ನಿಲಯದಲ್ಲಿ ಬೇರೆ ಗಂಟಲುಗಳೇ ಇಲ್ಲವೇ? "ನೇರ ಪ್ರಸಾರ ಕಣೇ," ಎಂದು ಅವನು ಫೋನಿಟ್ಟು ಎರಡೂ ಕೈ ಉಜ್ಜಿಕೊಂಡಿದ್ದ, "ನೀನು ಕತ್ತರಿ ಹಿಡ್ಕೊಂಡು ಹಿಂದೆ ಓಡಿ ಬರೋ ಹಾಗಿಲ್ಲ. ಬಾಯಿಂದ ಬಿದ್ದಿದ್ದು ಬಿದ್ದ ಹಾಗೇ ಹೋಗುತ್ತೆ." ಅವಳೂ ನಕ್ಕಿದ್ದಳು. ನಗದೆ ಇನ್ನೇನು ಮಾಡುವುದು? ಈಗ ಅವನು ಟವಲು ಹೆಗಲಿಗೆ ಹಾಕಿಕೊಂಡು ಬಂದು, ಒಲೆಯ ಮೇಲಿನ ಹಾಲು, ನೆಲದ ಮೇಲಿನ ಹಾಲು ಎರಡನ್ನೂ ನೋಡಿ, "ಯಾಕೇ, ಓದೋದು ನಾನು, ಹೆದರಿಕೆ ನಿಂಗಾ?" ಎಂದ. ಗಡ್ಡದ ಒಂದು ಪಕ್ಕ ಹಾಗೇ ಉಳಿದಿತ್ತು. ಕನ್ನಡಿ ನೋಡಿಕೊಂಡೇ ಹೆರೆದವನು ಒಂದು ಕೆನ್ನೆಯನ್ನು ಹೇಗೆ ಮರೆಯುತ್ತಾನೆ? ಅವಳು ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ಆ ಕೆನ್ನೆಯನ್ನು ತಾನೇ ಹೆರೆದಳು. ಅವನು ಕಣ್ಣು ಮುಚ್ಚಿ ಮುಖ ಒಡ್ಡಿದ. "ರಾಜಯೋಗ," ಎಂದ.

ಹಾಡೇ ಇಲ್ಲದ ನಿಲಯ ಅದು. ದೇಶಕ್ಕೆಲ್ಲ ಕೇಳಿಸುವ, ಬರೀ ಮಾತಿನ ನಿಲಯ. ಬೆಳಗಿನ ಚಿಂತನ, ವಾರ್ತೆ, ಕೈತೋಟದ ಪ್ರಶ್ನೋತ್ತರ, ಕಡಲ ಹವಾಮಾನ, ವೈದ್ಯರ ಜೊತೆ ಫೋನಿನಲ್ಲಿ ಮಾತು, ಮಧ್ಯಾಹ್ನದ ನಾಟಕ, ಮಕ್ಕಳಿಗೆ 'ಯಾಕೆ, ಹೇಗೆ', ಸಂಜೆಗೆ ಹರಟೆ. ಒಂದು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಉದ್ಘೋಷಕ ಬಂದು, ಈಗ ಕೇಳಿದ್ದೇನು, ಮುಂದೆ ಕೇಳುವುದೇನು, ಸಮಯವೆಷ್ಟು ಎಂದು ಹೇಳಿ ಹೋಗಬೇಕು. ಬೇರೆ ನಿಲಯಗಳಲ್ಲಾದರೆ ಉದ್ಘೋಷಕ ತಡವರಿಸಿದರೆ ಮೇಲೊಂದು ಹಾಡು ಹೊದಿಸಿಬಿಡುತ್ತಾರೆ. ಇಲ್ಲಿ ಮಾತು ನಿಂತರೆ ನಿಂತಿತು, ದೇಶವೆಲ್ಲ ಕಿವಿ ಕೊಟ್ಟು ಕೂತಿರುತ್ತದೆ. ಅವಳ ಕೆಲಸ ಅಲ್ಲೇ, ಸಂಕಲನದ ಕೋಣೆಯಲ್ಲಿ. ರೆಕಾರ್ಡ್ ಆದ ಮಾತಿನಿಂದ ಕೆಮ್ಮು, ಸೀನು, ಹಾಳೆ ಮಗುಚಿದ ಸದ್ದು, 'ಅಂದರೆ', 'ಅಂದರೆ' ಎಂದು ಎಳೆದದ್ದು ಎಲ್ಲವನ್ನೂ ಕತ್ತರಿಸಿ, ಕತ್ತರಿಸಿದ್ದು ತಿಳಿಯದ ಹಾಗೆ ಸೇರಿಸುವುದು. ಹೊಲಿಗೆ ಎಂದೇ ಅವರು ಕರೆಯುತ್ತಾರೆ. ಅವಳು ಮೊದಲು ಬಂದಿದ್ದು ಇದಕ್ಕಲ್ಲ, ದನಿ ಪರೀಕ್ಷೆಗೆ. ಮೇಜಿನ ಆಚೆ ಕೂತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು, ನೀವು ಬಾಗಿಲ ಹಿಂದೆ ನಿಂತು ಮಾತಾಡಿದ ಹಾಗೆ ಕೇಳುತ್ತಮ್ಮಾ ಎಂದಿದ್ದರು. ಕಿವಿಯೆಲ್ಲ ಬಿಸಿಯಾಗಿ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ, ಆಗತಾನೆ ಕೆಲಸಕ್ಕೆ ಸೇರಿದ್ದ ಕಡ್ಡಿಯಂಥ ಉದ್ಘೋಷಕನೊಬ್ಬ ಹಿಂದೆಯೇ ಬಂದು, "ಅವರಿಗೆ ಬೇಡವಾದ್ರೆ ಬಿಡಿ, ನಂಗಂತೂ ಇನ್ನೂ ಕೇಳ್ತಾನೇ ಇರ್ಬೇಕು ಅನ್ನಿಸ್ತು" ಎಂದಿದ್ದ. ಅಬ್ಬಾ, ಎಂಥ ದನಿ! ಆ ದನಿಯಲ್ಲಿ ಯಾರಾದರೂ ತರಕಾರಿಯ ರೇಟು ಹೇಳಿದ್ದರೂ ಅವಳು ಅಲ್ಲೇ ನಿಂತುಬಿಡುತ್ತಿದ್ದಳು.

ಗಂಡನ ಅದೇ ದನಿ ಕಳೆದ ವರ್ಷ ಒಂದೇ ಪುಟವನ್ನು ಎರಡು ಸಲ ಓದಿತು. ಮೊದಲ ಸಲದ್ದೇ ಸಂತೋಷ, ಮೊದಲ ಸಲ ಎಲ್ಲಿ ನಗು ಉಕ್ಕಿತ್ತೋ ಅಲ್ಲೇ ನಗು. ಅವಳು ಕೂಡ ನಕ್ಕು, ಒಂದನ್ನು ಕತ್ತರಿಸಿ ಒಂದನ್ನು ಇಟ್ಟುಕೊಂಡಳು. ಆಮೇಲೊಂದು ದಿನ ಛತ್ರಿ ಎನ್ನುವ ಮಾತು ಸಿಗದೆ, "ಅದೇ, ಮಳೇಲಿ ತಲೆ ಮೇಲೆ ಹಿಡಿಯೋದು" ಎಂದು ಬಾಗಿಲಲ್ಲಿ ನಿಂತು ಕೈಯನ್ನು ಗಾಳಿಯಲ್ಲಿ ಬಿಡಿಸಿ ತೋರಿಸಿದ. ವಯಸ್ಸಾಯ್ತು, ಯಾರಿಗಾಗಲ್ಲ ಎಂದುಕೊಂಡಳು. ಪಕ್ಕದ ಬೀದಿಯ ಅಂಗಡಿಗೆ ಹೋದವನು ತಿರುಗಿ ಬರುವಾಗ ಬೇರೆಯವರ ಮನೆಯ ಕರೆಗಂಟೆ ಒತ್ತಿ, ಬಾಗಿಲು ತೆರೆದ ಹೆಂಗಸನ್ನು ನೋಡಿ, ನೀವು ಯಾವಾಗ ಬಂದ್ರಿ ಎಂದು ಕೇಳಿದನಂತೆ. ಆ ಹೆಂಗಸು ಅದನ್ನೊಂದು ತಮಾಷೆ ಎಂದು ಬೀದಿಗೆಲ್ಲ ಹೇಳಿಕೊಂಡು ನಕ್ಕಳು, ಇವಳೂ ಜೊತೆಗೆ ನಿಂತು ನಕ್ಕಳು, ಮನೆಗೆ ಬಂದು ನಲ್ಲಿ ಬಿಟ್ಟುಕೊಂಡು ಅತ್ತಳು. ಮಾರನೆಯ ದಿನವೇ ನಿಲಯದಲ್ಲಿ, ಅವರಿಗೆ ನೇರ ಪ್ರಸಾರದ ಪಾಳಿ ಬೇಡ, ನಿದ್ದೆ ಕೆಡುತ್ತೆ, ರೆಕಾರ್ಡಿಂಗಿಗೆ ಓದೋ ಕೆಲಸ ಕೊಡಿ ಎಂದು ಕೇಳಿಕೊಂಡಳು. ಅಂದಿನಿಂದ ಅವನು ಓದಿದ್ದೆಲ್ಲ ಅವಳ ಕೈಯಿಂದಲೇ ಹೊರಗೆ ಹೋಗುತ್ತಿತ್ತು. ಕಳೆದುಹೋದ ಪದವನ್ನು ಅವನದೇ ಹಳೆಯ ರೆಕಾರ್ಡಿಂಗಿನಿಂದ ಹುಡುಕಿ ತರುವಳು. ಒಂದು 'ಆದರೆ' ಹತ್ತು ವರ್ಷದ ಹಿಂದಿನದು, ಪಕ್ಕದ 'ಅವಳು' ಮೊನ್ನೆಯದು, ನಡುವೆ ಉಸಿರು ಇನ್ನೆಲ್ಲಿಯದೋ. ಹೀಗೆ ಹೊಲಿದ ಕಾದಂಬರಿ ವಾಚನಕ್ಕೆ ವರ್ಷದ ಒಳ್ಳೆಯ ಓದು ಎಂದು ಬಹುಮಾನ ಬೇರೆ ಬಂತು. ಅವನು ವೇದಿಕೆಯ ಮೇಲೆ ಶಾಲು ಹೊದ್ದುಕೊಂಡು ಕೈಮುಗಿಯುತ್ತಿದ್ದರೆ, ಕೆಳಗೆ ಕೂತ ಅವಳಿಗೆ ತಾನು ಕಳ್ಳಮಾಲು ಮಾರಿ ಸಿಕ್ಕಿಬೀಳದೆ ಉಳಿದವಳ ಹಾಗೆ ಬೆವರು ಕಿತ್ತುಕೊಂಡು ಬಂತು. ಯಾರಿಗೂ ಹೇಳಲಿಲ್ಲ. ಅವನಿಗೂ ಹೇಳಲಿಲ್ಲ. ಹೇಳುವುದು ಅಂದರೆ ಏನಂತ? ರೀ, ನಿಮಗೆ ಮರೆವು ಹಿಡಿದಿದೆ ಅಂತಲೇ? ಅದನ್ನು ಕೇಳಿ ಅವನು ಮಾಡುವ ಮುಖವನ್ನು ನೆನೆದರೇ ಅವಳು ಎದ್ದು ಬೇರೆ ಕೆಲಸಕ್ಕೆ ಹೋಗಿಬಿಡುತ್ತಿದ್ದಳು.

ನಿಲಯದ ಹೆಬ್ಬಾಗಿಲಲ್ಲಿ ಕಾವಲುಗಾರ ಎದ್ದು ನಿಂತು, "ಏನ್ ಸಾರ್, ಇವತ್ತು ಮದುಮಗನ ಥರ ಬಂದಿದೀರಿ" ಎಂದ. "ಮದುಮಗನೇ ಕಣಯ್ಯಾ, ಹುಡುಗಿ ಮಾತ್ರ ಹಳೇದು," ಎಂದು ಅವನು ಅವಳನ್ನು ಮುಂದೆ ಬಿಟ್ಟುಕೊಂಡು ನಡೆದ. ಎಡಕ್ಕೆ ತಿರುಗಬೇಕಾದಲ್ಲಿ ಒಂದು ಗಳಿಗೆ ನಿಂತ. ಅವಳು ಕೈಚೀಲ ಸರಿಮಾಡಿಕೊಳ್ಳುವ ನೆಪದಲ್ಲಿ ತಾನೇ ಎಡಕ್ಕೆ ತಿರುಗಿದಳು, ಅವನು ಹಿಂದೆ ಬಂದ. ಈ ಉಪಾಯಗಳಲ್ಲಿ ಅವಳು ಪಳಗಿಹೋಗಿದ್ದಳು. ಕೈಚೀಲದೊಳಗೆ ಇನ್ನೊಂದು ಉಪಾಯವಿತ್ತು. ನಿನ್ನೆ ಫೋನು ಬಂದ ಮೇಲೆ, ಮರೆತ ಸಾಮಾನು ತರುವ ನೆಪ ಹೇಳಿ ನಿಲಯಕ್ಕೆ ಬಂದು, ಇವತ್ತಿನ ಅಷ್ಟೂ ಉದ್ಘೋಷಣೆಗಳನ್ನು ಅವನ ಹಳೆಯ ದನಿಯಿಂದ ಹೊಲಿದು ಇಟ್ಟುಕೊಂಡಿದ್ದಳು. ಮದುವೆಯಾದ ಹೊಸದರ ರೆಕಾರ್ಡಿಂಗುಗಳು; ಆಗ ಅವನು ಪದಗಳನ್ನು ಒಂದೊಂದಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದ, ಕತ್ತರಿಸುವುದಕ್ಕೆ ಸುಲಭ. 'ಈಗ ಸಮಯ' ಒಂದು ಕಡೆ ಸಿಕ್ಕಿತು, ಗಂಟೆಗಳು ಇನ್ನೊಂದು ಕಡೆ. ಸಮಯವೇ ಅವಳಿಗೆ ಹೆಚ್ಚಿನ ಭಯ. ಹಾಳೆಯ ಮೇಲೆ ಬರೆದದ್ದನ್ನು ಅವನು ಹೇಗೋ ಓದಿಯಾನು. ಗಡಿಯಾರವನ್ನು ನೋಡಿ ಹೇಳುವುದು ಅವನಿಗೆ ಕೆಲವು ತಿಂಗಳಿಂದ ಆಗುತ್ತಿರಲಿಲ್ಲ. ಮನೆಯಲ್ಲಿ ಎಷ್ಟು ಹೊತ್ತಾಯಿತು ಎಂದು ಕೇಳಿದರೆ, ಗೋಡೆಯನ್ನು ನೋಡಿ, "ಹೊಟ್ಟೆ ಹಸಿಯೋ ಹೊತ್ತು" ಎಂದು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದ.

ಸ್ಟುಡಿಯೊದ ಈಚೆ, ಗಾಜಿನ ಎದುರು ಗುಂಡಿಗಳನ್ನು ನೋಡಿಕೊಳ್ಳುವ ತಂತ್ರಜ್ಞನಿಗೆ ನಿಲಯದಲ್ಲೆಲ್ಲ ಆತುರಪ್ಪ ಎಂದೇ ಹೆಸರು. ಊಟದ ಡಬ್ಬಿಯನ್ನು ಬೆಳಗ್ಗೆಯೇ ತೆರೆದು ಖಾಲಿ ಮಾಡುವವನು. ಒಳ್ಳೆಯವನು, ಆದರೆ ಬಾಗಿಲು ತಟ್ಟುವ ಮೊದಲೇ 'ಯಾರು' ಎನ್ನುವ ಪೈಕಿ. ಅವಳು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ತಗ್ಗಿದ ದನಿಯಲ್ಲಿ, "ನೋಡಪ್ಪಾ, ಸಾರ್‌ಗೆ ರಾತ್ರಿಯೆಲ್ಲ ಗಂಟಲು ಕೆರೀತಿತ್ತು. ಎಲ್ಲಾದ್ರೂ ದನಿ ಕೈಕೊಟ್ಟು ನಿಂತ್ರೆ ಇದನ್ನ ಹಾಕಿಬಿಡು. ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಇದೆ, ಕ್ರಮವಾಗಿ ಜೋಡಿಸಿದೀನಿ," ಎಂದಳು. "ಅಕ್ಕಾ, ಸಾರ್ ಕೈಕೊಡೋದಾ? ಅವರ ಗಂಟಲು ಗಂಟೆ ಅಕ್ಕಾ," ಎಂದ ಆತುರಪ್ಪ. "ಆದ್ರೂ ಇರ್ಲಿ. ನಿಂತ ತಕ್ಷಣ ಒತ್ತು, ಯೋಚನೆ ಮಾಡ್ಬೇಡ." ಆತುರಪ್ಪನಿಗೆ ಯೋಚನೆ ಮಾಡಬೇಡ ಎಂದು ಹೇಳಿಕೊಡಬೇಕೇ? ಅವನು ಆಗಲೇ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತ. ಗಾಜಿನ ಆಚೆ ಗಂಡ ಹೆಡ್‌ಫೋನು ತಲೆಗೇರಿಸಿ, ಹಾಳೆಗಳನ್ನು ಜೋಡಿಸಿ, ಒಂದು ಗುಟುಕು ನೀರು ಕುಡಿದು, ಅವಳನ್ನು ನೋಡಿ ಹುಬ್ಬು ಹಾರಿಸಿದ. ಕೆಂಪು ದೀಪ ಹತ್ತಿತು. "ನಮಸ್ಕಾರ," ಎಂದ. ಮೂರನೆಯದೇ! ಬಾಗಿಲಲ್ಲಿ ಯಾರನ್ನೋ ಕಂಡ ಹಾಗೆ. ಅವಳ ಕಣ್ಣು ತುಂಬಿಬಂತು, ಥೂ, ಏನಾಗಿದೆ ನಂಗೆ ಎಂದುಕೊಂಡಳು.

ಬೆಳಗಿನ ಚಿಂತನ ಹೋಯಿತು, ವಾರ್ತೆ ಹೋಯಿತು, ಗುಲಾಬಿ ಗಿಡಕ್ಕೆ ಎಲೆ ಮುರುಟು ಯಾಕೆ ಬರುತ್ತದೆ ಎಂದು ಕೈತೋಟದವರು ಬಹಳ ಹೊತ್ತು ವಾದ ಮಾಡಿದರು. ಪ್ರತಿ ಸಂದಿಯಲ್ಲೂ ಅವಳು ಕುರ್ಚಿಯ ತುದಿಗೆ ಸರಿಯುವುದು, ಪ್ರತಿ ಸಂದಿಯಲ್ಲೂ ಅವನು ನಿರಾಳವಾಗಿ ದಾಟಿ ಬರುವುದು. ದೀಪ ಹತ್ತುವುದಕ್ಕೆ ಸ್ವಲ್ಪ ಮೊದಲು ಅವನು ಒಳಗಿನಿಂದ ಆತುರಪ್ಪನನ್ನು ಕೇಳುತ್ತಿದ್ದ: "ಲೋ, ನನ್ನ ಕನ್ನಡಕ ಹಳೇದಾಯ್ತು, ಮುಳ್ಳು ಎಲ್ಲಿದೆ ಹೇಳು." ಆತುರಪ್ಪ ಹೇಳುವನು, ಇವನು ಅದನ್ನು ತುಟಿಯಲ್ಲಿ ಹಿಡಿದಿಟ್ಟುಕೊಂಡು, ದೀಪ ಹತ್ತಿದ್ದೇ ತಾನೇ ನೋಡಿದವನ ಹಾಗೆ ದೇಶಕ್ಕೆ ಹಂಚುವನು. ಕಳ್ಳ! ಎಷ್ಟು ಚೆನ್ನಾಗಿ ತಪ್ಪಿಸಿಕೊಳ್ಳುತ್ತಾನೆ. ಹಾಗಾದರೆ ಅವನಿಗೆ ಗೊತ್ತಿದೆಯೇ? ಗೊತ್ತಿದ್ದರೆ ತನಗೆ ಹೇಳುತ್ತಿರಲಿಲ್ಲವೇ, ಕಾಲಿಗೆ ಮುಳ್ಳು ಚುಚ್ಚಿದರೂ ಮನೆಯೆಲ್ಲ ಒಂದು ಮಾಡುವವನು? ಕಡಲ ಹವಾಮಾನ ಓದಿ ಮುಗಿಸಿದವನು ಹಾಳೆಯಲ್ಲಿ ಇಲ್ಲದ ಮಾತೊಂದನ್ನು ಸೇರಿಸಿದ: "ದೋಣಿಗೆ ಹೋಗೋರು ಜೋಪಾನವಾಗಿ ಹೋಗಿಬನ್ನಿ, ಮನೇಲಿ ಕಾಯ್ತಿರ್ತಾರೆ." ಬರೆದದ್ದನ್ನು ಬಿಟ್ಟು ಬೇರೆ ಮಾತಾಡಬಾರದು ಎನ್ನುವುದು ನಿಲಯದ ಕಟ್ಟುನಿಟ್ಟು. ಆತುರಪ್ಪನ ಬೆರಳು ಗುಂಡಿ ಒತ್ತಲು ಹೊರಟಿತು, ಅವಳು ಅವನ ಮಣಿಕಟ್ಟು ಹಿಡಿದಳು. ವೈದ್ಯರ ಜೊತೆ ಮಾತು ಶುರುವಾದಾಗ ಅವಳು ಎದ್ದು ಹೊರಗೆ ಹೋದಳು. ಯಾರಾದರೂ ಫೋನು ಮಾಡಿ ಮರೆವಿನ ಬಗ್ಗೆ ಕೇಳಿಬಿಟ್ಟರೆ, ವೈದ್ಯರು ಏನಾದರೂ ಹೇಳಿಬಿಟ್ಟರೆ, ಅದನ್ನು ಅವನೂ ಕೇಳಬೇಕು, ಅವಳೂ ಕೇಳಬೇಕು. ಮೊಗಸಾಲೆಯ ಧ್ವನಿವರ್ಧಕ ಅಲ್ಲಿಗೂ ಬಿಡದೆ ಬಂತು. ಫೋನು ಮಾಡಿದ ಅಷ್ಟೂ ಜನಕ್ಕೆ ಮಂಡಿನೋವು. ಇಡೀ ದೇಶಕ್ಕೆ ಮಂಡಿನೋವು. ಅವಳು ಗೋಡೆಗೊರಗಿ ನಿಂತು ಆ ಮಂಡಿಗಳಿಗೆಲ್ಲ ಮನಸ್ಸಿನಲ್ಲೇ ಕೈಮುಗಿದಳು.

ಅಲ್ಲಿಗೇ ನಿರ್ದೇಶಕರು ಬಂದರು. ಒಂದು ಕಾಲದಲ್ಲಿ ಅವಳ ಗಂಡನಿಂದ 'ವಾರ್ತೆಯನ್ನ ಹರಾಜು ಕೂಗಬೇಡಯ್ಯಾ' ಎಂದು ಬೈಸಿಕೊಂಡು ಓದು ಕಲಿತವರು, ಈಗ ಇಡೀ ನಿಲಯಕ್ಕೆ ಯಜಮಾನರು. "ಕೇಳಿದ್ರಾ? ದೋಣಿಗೆ ಹೋಗೋರು ಜೋಪಾನ! ಕರಾವಳಿಯಿಂದ ಆಗ್ಲೇ ಫೋನ್ ಬಂತು, ಯಾರಪ್ಪ ಈ ಪುಣ್ಯಾತ್ಮ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಅಂತ," ಎಂದರು. "ನಾವು ಅವರನ್ನ ರೆಕಾರ್ಡಿಂಗ್ ಕೋಣೇಲಿ ಕೂಡಿಹಾಕಿ ತಪ್ಪು ಮಾಡಿದ್ವಿ. ಮುಂದಿನ ವಾರದಿಂದ ನೇರ ಪ್ರಸಾರಕ್ಕೇ ಹಾಕ್ತೀನಿ. ನೀವು ಬೇಡ ಅನ್ನಬಾರ್ದು." ಅವಳು ಹೂಂ ಎಂದಳೋ ಉಹೂಂ ಎಂದಳೋ ಅವಳಿಗೇ ತಿಳಿಯಲಿಲ್ಲ. ಈಗ ಹೇಳಬೇಕು ಎಂದುಕೊಂಡಳು. ಬಾಯಿ ತೆರೆದಳು. "ಅವರಿಗೆ ಬಿಸಿ ಬಿಸಿ ಊಟ ಸರಿಹೋಗಲ್ಲ," ಎನ್ನುವುದು ಹೊರಗೆ ಬಂತು. ನಿರ್ದೇಶಕರು ಅದನ್ನೂ ಗಂಭೀರವಾಗಿ ಕೇಳಿ, ಕ್ಯಾಂಟೀನಿಗೆ ಹೇಳ್ತೀನಿ ಎಂದು ಹೋದರು. ಎಂಥ ಪೆದ್ದು ನಾನು, ಎಂದು ಅವಳು ನಿಂತಲ್ಲೇ ನಿಂತಿದ್ದಳು. ಒಂದು ಸುಳ್ಳನ್ನು ಹೊಲಿದರೆ ಸಾಲದು, ಅದು ಸುಕ್ಕಾಗದ ಹಾಗೆ ದಿನಾ ಇಸ್ತ್ರಿ ಮಾಡುತ್ತಿರಬೇಕು.

ಊಟದ ಹೊತ್ತಿನಲ್ಲಿ ಅವನು ಡಬ್ಬಿಯ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತ ಕೂತಿದ್ದ. ಸುಸ್ತಾಯ್ತಾ ಎಂದು ಕೇಳಿದಳು, ಇಲ್ವಲ್ಲ ಎಂದ. ಅವನ ಕೈ ಮುಟ್ಟಿದರೆ ತಣ್ಣಗಿತ್ತು. ಹಾಗಾದರೆ ಹೊರಡೋಣ, ಹುಷಾರಿಲ್ಲ ಅಂತ ಹೇಳ್ತೀನಿ ಎಂದಳು. "ಮಧ್ಯದಲ್ಲಿ ಬಿಟ್ಟು ಹೋಗೋದಾ? ನನ್ನ ಏನಂದ್ಕೊಂಡಿದೀಯ ನೀನು?" ಎಂದು ರೇಗಿದ. ರೇಗಿದ್ದಕ್ಕೆ ತಾನೇ ನಾಚಿ, ತನ್ನ ಡಬ್ಬಿಯ ಉಪ್ಪಿನಕಾಯಿಯನ್ನು ಅವಳ ಡಬ್ಬಿಗೆ ಹಾಕಿದ. ಅವಳಿಗೆ ಉಪ್ಪಿನಕಾಯಿ ಸೇರುವುದಿಲ್ಲ. ಮದುವೆಯಾದಾಗಿನಿಂದ ಸೇರುವುದಿಲ್ಲ. ಅವಳು ತಿಂದಳು.

ಮಧ್ಯಾಹ್ನದ ನಾಟಕ ಒಬ್ಬ ತಾಯಿಯದು. ಮಗಳನ್ನು ರೈಲಿಗೆ ಹತ್ತಿಸಿ ಬಂದು ಖಾಲಿ ಮನೆಯ ಬಾಗಿಲು ತೆಗೆಯುವಲ್ಲಿಗೆ ಮುಗಿಯುತ್ತದೆ. ಕೊನೆಗೆ ಬೀಗದ ಸದ್ದು, ಬಾಗಿಲಿನ ಸದ್ದು, ಅಷ್ಟೇ. ಕೆಂಪು ದೀಪ ಹತ್ತಿತು. ಅವನು ಹಾಳೆ ನೋಡಿದ, ತಲೆ ಎತ್ತಿದ, ಮಾತಾಡಲಿಲ್ಲ. ಮರೆತೇಬಿಟ್ಟ ಎಂದುಕೊಂಡಳು. ಆಮೇಲೆ, ಅಯ್ಯೋ, ಇದು ಅದಲ್ಲ, ಎಂದು ನೆನಪಾಯಿತು. ಅಳಿಸುವಂಥ ನಾಟಕ ಮುಗಿದ ಕೂಡಲೇ ಅವನು ಯಾವತ್ತೂ ಬಾಯಿ ತೆರೆಯುವವನಲ್ಲ, ಎರಡು ಉಸಿರು ಸುಮ್ಮನಿದ್ದೇ ಮಾತಾಡುವುದು. ಕೇಳಿದವರು ಕಣ್ಣೊರೆಸಿಕೊಳ್ಳೋಕೆ ಹೊತ್ತು ಬೇಡ್ವೇನೇ ಎನ್ನುತ್ತಿದ್ದ. ಆ ಮೌನವನ್ನು ಎಷ್ಟು ವರ್ಷ ಅವಳು ಒಂದು ಕೂದಲೆಳೆ ಕತ್ತರಿಸದೆ ಹಾಗೇ ಬಿಟ್ಟಿದ್ದಳು! ಆತುರಪ್ಪನಿಗೆ ಎಲ್ಲ ಹೇಳಿದವಳು ಇದನ್ನು ಹೇಳಿರಲಿಲ್ಲ. ತಡೆಯಲು ಕೈ ಚಾಚಿದಳು, ಆತುರಪ್ಪ ಆಗಲೇ ಒತ್ತಿಬಿಟ್ಟಿದ್ದ. "ನೀವು ಈಗ ಕೇಳಿದ್ದು ಮಧ್ಯಾಹ್ನದ ನಾಟಕ," ಎಂದಿತು ದನಿ. ತುಂಬಿದ, ಎಳೆಯ, ಎಲ್ಲಿಯೂ ಬಿರುಕಿಲ್ಲದ ದನಿ. ಗಾಜಿನ ಆಚೆ, ಅದೇ ಮಾತಿಗೆ ತೆರೆದಿದ್ದ ಗಂಡನ ಬಾಯಿ ಹಾಗೇ ನಿಂತು, ಮೆಲ್ಲಗೆ ಮುಚ್ಚಿಕೊಂಡಿತು. ಅವನು ಎಡಗೈಯನ್ನು ಹೆಡ್‌ಫೋನಿನ ಮೇಲಿಟ್ಟ. ಚೆನ್ನಾಗಿ ಮಾಡುತ್ತಿದ್ದವನನ್ನು, ತಾನು, ಹೆಂಡತಿ, ತಳ್ಳಿ ಪಕ್ಕಕ್ಕೆ ಕೂರಿಸಿದ ಹಾಗಾಯಿತು. ದೇಶದ ಮುಂದೆ ಅವನ ಮಾನ ಉಳಿಸಲು ಹೊರಟವಳು ಅವನ ಮುಂದೆಯೇ ಅವನ ಮಾನ ಕಳೆದಳು. ಅವಳಿಗೆ ಆ ಕುರ್ಚಿಯಲ್ಲೇ ಇಂಗಿಹೋಗಬೇಕು ಅನ್ನಿಸಿತು.

"ಅಕ್ಕಾ, ನಿಂತ್ರಲ್ಲ ಅಂತ..." ಎಂದು ಆತುರಪ್ಪ ಅಳುಮೋರೆ ಮಾಡಿದ. ಸಮಯ ಹೇಳಿ, ಮುಂದಿನದು ಮಕ್ಕಳ 'ಯಾಕೆ, ಹೇಗೆ' ಎಂದು ಹೇಳಿ, ಹೊಲಿದ ದನಿ ಮುಗಿಯಿತು. ಆಕಾಶ ಯಾಕೆ ನೀಲಿ ಎಂದು ಮಕ್ಕಳು ಕೂಗತೊಡಗಿದವು. ದೀಪ ಆರಿತು. ಅವಳು ಭಾರದ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋದಳು. ಬೈಯಲಿ, ಕೂಗಾಡಲಿ, ಹಾಳೆಗಳನ್ನು ಮುಖದ ಮೇಲೆ ಎಸೆಯಲಿ, ಎಲ್ಲಕ್ಕೂ ತಲೆ ಬಗ್ಗಿಸಿ ನಿಂತಳು. ಅವನು ಹೆಡ್‌ಫೋನು ಕಳಚಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಯಾರೇ ಅದು?" ಎಂದ.

"ಯಾವುದು ರೀ?"

"ಈಗ ಓದಿದನಲ್ಲ, ಆ ಹುಡುಗ. ಹೊಸಬನಾ? ಒಳ್ಳೆ ಕಂಠ ಕಣೇ. ಎಷ್ಟು ಸಲೀಸಾಗಿ ಹೇಳ್ದ ನೋಡು ಸಮಯಾನ." ಸ್ವಲ್ಪ ಯೋಚಿಸಿ, "ಒಂದೇ ಒಂದು, ಎಲ್ಲೋ ನಡುವೆ ಉಸಿರೇ ತಗೊಳ್ಲಿಲ್ಲ. ಹೇಳು ಅವನಿಗೆ, ಉಸಿರು ತಗೊಂಡ್ರೆ ಯಾರೂ ಬೈಯಲ್ಲ," ಎಂದ.

ತಮಾಷೆ ಮಾಡುತ್ತಿದ್ದಾನೆಯೇ ಎಂದು ಅವಳು ಅವನ ಮುಖವನ್ನು ನೋಡಿದಳು. ಹುಬ್ಬು ಹಾರಲಿಲ್ಲ. ತಮಾಷೆಯಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವಳು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವನು ಅವಳ ಕೈಯನ್ನು ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡ. ಅಂಗಿಯ ಕೆಳಗೆ ಡವಡವ ಎಂದು ಹೊಡೆದುಕೊಳ್ಳುತ್ತಿತ್ತು. "ಬೆಳಗ್ಗೆಯಿಂದ ಹೀಗೇ," ಎಂದ. "ಆ ಗಡಿಯಾರ ನೋಡ್ತೀನಿ. ದೊಡ್ಡ ಮುಳ್ಳು ಕಾಣುತ್ತೆ, ಚಿಕ್ಕ ಮುಳ್ಳು ಕಾಣುತ್ತೆ. ಆಮೇಲೆ ಅದನ್ನ ಏನಂತಾರೆ ಅನ್ನೋದು ಬರಲ್ಲ ಕಣೇ. ತುಂಬಾ ದಿನ ಆಯ್ತು. ನಿಂಗೆ ಹೇಳಿದ್ರೆ ನೀನು ಹೆದರ್ತೀಯ ಅಂತ ಸುಮ್ನಿದ್ದೆ. ನೀನು ಸುಮ್‌ಸುಮ್ನೆ ಹಾಲು ಉಕ್ಕಿಸೋಳು." ನಗಲು ನೋಡಿದ, ಆಗಲಿಲ್ಲ. "ನಂಗೆ ಭಯ ಆಗುತ್ತೆ. ಆ ಹುಡುಗನ್ನೇ ಕೂರಿಸೋಕೆ ಹೇಳೇ. ಮನೆಗೆ ಹೋಗೋಣ."

ಇಷ್ಟು ದಿನ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಇವಳು ಅವನಿಂದ ಮುಚ್ಚಿಟ್ಟದ್ದನ್ನೇ ಅವನು ಇವಳಿಂದ ಮುಚ್ಚಿಟ್ಟುಕೊಂಡು ಮಲಗಿದ್ದ. ಆ ಕಡೆಗೊಬ್ಬರು, ಈ ಕಡೆಗೊಬ್ಬರು ತಿರುಗಿ, ಎಚ್ಚರವಿದ್ದೂ ನಿದ್ದೆಯ ಉಸಿರು ಬಿಡುತ್ತ. ಯಾರಿಗಾಗಿ ಹೊಲಿದೆ ನಾನು? ಅವನಿಗಾಗಿ ಎಂದುಕೊಂಡಿದ್ದಳು, ಅವನಾದರೋ ಬೆಳಗ್ಗೆಯಿಂದ ಇಳಿದುಹೋಗಲು ಬಾಗಿಲು ಹುಡುಕುತ್ತಿದ್ದಾನೆ. ಬಿಡಲಾರದೆ ಹಿಡಿದುಕೊಂಡಿದ್ದವಳು ತಾನು. "ಹೋಗೋಣ ರೀ," ಎಂದಳು, "ಒಂದು ನಿಮಿಷ ಕೂತಿರಿ, ಹೇಳಿ ಬರ್ತೀನಿ." ಅವಳ ಬೆರಳನ್ನು ಬಿಡುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ನಿರ್ದೇಶಕರ ಕೋಣೆಯಲ್ಲಿ ಅವಳು ಕೂರಲಿಲ್ಲ. ಕೂತರೆ ಮತ್ತೆ ಊಟದ ವಿಷಯ ಹೊರಗೆ ಬಂದೀತು. "ನನ್ನ ಗಂಡನಿಗೆ ಮರೆವಿನ ಕಾಯಿಲೆ," ಎಂದಳು. ಹೇಳಿದ ಮೇಲೆ ಆ ಮಾತು ಕೋಣೆಯಲ್ಲಿ ಸುಮ್ಮನೆ ಇತ್ತು, ಛಾವಣಿ ಬೀಳಲಿಲ್ಲ. "ಈಗ ಓದಿದ್ದು ಅವರಲ್ಲ, ನಾನು ಹಳೇ ರೆಕಾರ್ಡಿಂಗಿಂದ ಹೊಲಿದಿಟ್ಟಿದ್ದು. ಹೋದ ವರ್ಷದ ಕಾದಂಬರೀನೂ ಹಾಗೇ." ನಿರ್ದೇಶಕರು ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು. "ಹಾಗಾದ್ರೆ ಆ ಬಹುಮಾನ ನಿಮಗೆ ಬರ್ಬೇಕಿತ್ತು," ಎಂದರು. "ಅಯ್ಯೋ, ದನಿ ಅವರದೇ ಸಾರ್," ಎಂದಳು. ಇನ್ನು ಮುಂದೆ ಅವರು ಬರುವುದಿಲ್ಲ, ಇವತ್ತಿನ ಉಳಿದದ್ದೆಲ್ಲ ಆತುರಪ್ಪನ ಹತ್ತಿರ ಇದೆ, ಬೇಕಾದರೆ ಹಾಕಿ, ಬೇಡವಾದರೆ ಬಿಡಿ, ಶಿಕ್ಷೆ ಏನಿದ್ದರೂ ನನಗೆ ಕೊಡಿ ಎಂದೂ ಹೇಳಿದಳು. ಅವರು ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. "ನನ್ನ ದನಿಗೆ ಒಂದು ಆಕಾರ ಕೊಟ್ಟೋರು ಅವರು," ಎಂದರು, ಆಮೇಲೆ ಒರಟಾಗಿ, "ಕರ್ಕೊಂಡು ಹೋಗಿ, ಬಸ್ಸಿಗೆ ನಿಲ್ಲಿಸಬೇಡಿ, ಕಾರು ಕಳಿಸ್ತೀನಿ," ಎಂದರು. ಕಾರು ಬೇಡ ಎಂದಳು. ನಡೆಯುವುದೆಂದರೆ ಅವನಿಗೆ ಇಷ್ಟ.

ಸಂಜೆಯ ಬೆಳಕಿಗೆ ಬೀದಿ ತೊಳೆದ ಹಾಗಿತ್ತು. ಅವನು ಅವಳ ಕೈಚೀಲವನ್ನು ತಾನೇ ಹೊತ್ತುಕೊಂಡು, ರಜೆ ಸಿಕ್ಕವನ ಹಾಗೆ ಅಂಗಡಿಗಳ ಬೋರ್ಡುಗಳನ್ನು ದೊಡ್ಡದಾಗಿ ಓದುತ್ತ ನಡೆದ. ಮೂಲೆಯ ಚಹಾದ ಅಂಗಡಿಯ ಬೆಂಚು ಕಂಡು, ಕೂರೋಣ ಎಂದ. ಕೂತರು. ಅಂಗಡಿಯವನ ತಲೆಯ ಮೇಲಿನ ಹಲಗೆಯಲ್ಲಿ ರೇಡಿಯೊ. ಮಕ್ಕಳ ಗಲಾಟೆ ಮುಗಿದು ಆ ದನಿ ಬಂತು, ಇನ್ನು ಸಂಜೆಯ ಹರಟೆ ಎಂದಿತು. ಪಾತ್ರೆ ತೊಳೆಯುತ್ತಿದ್ದವನು ಕೈ ನಿಲ್ಲಿಸಿ ಕೇಳಿದ, ಪಕ್ಕದ ಬೆಂಚಿನ ಮುದುಕ ತಲೆಯಾಡಿಸಿದ. ಗಂಡ ಮೊಣಕೈಯಿಂದ ಅವಳನ್ನು ತಿವಿದ.

"ಅದೇ ಹುಡುಗ ಕಣೇ."

"ಹೂಂ, ಅವನೇ."

"ಮದುವೆ ಗಿದುವೆ ಆಗಿದ್ಯಾ ಅವನಿಗೆ?"

"ಆಗಿದೆ."

"ಹೆಂಡ್ತಿ ಹೇಗೆ?"

"ಸ್ವಲ್ಪ ಜೋರಂತೆ," ಎಂದಳು. ಒಂದು ಗುಟುಕು ಚಹಾ ಕುಡಿದಳು. "ಆದ್ರೆ ಅವನಂದ್ರೆ ಪ್ರಾಣ ಬಿಡ್ತಾಳಂತೆ."

"ಅವನಿಗೆ ಹೇಳಿದಾಳಾ?"

"ಇಲ್ಲ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಬಾಯಿಬಿಟ್ಟು ಹೇಳಿಲ್ಲ. ಹೇಳಿದ್ರೆ ತಲೆ ಮೇಲೆ ಕೂರ್ತಾನೆ ಅಂತ."

ಅವನು ಗಹಗಹಿಸಿ ನಕ್ಕ. ಮುದುಕನೂ ಅಂಗಡಿಯವನೂ ಇತ್ತ ತಿರುಗಿ ನೋಡಿದರು. "ಕೂತ್ರೆ ಕೂರ್ಲಿ ಬಿಡೇ, ಗಂಡ ತಾನೆ," ಎಂದ. ಆಮೇಲೆ ಸ್ವಲ್ಪ ಬಗ್ಗಿ, ಗುಟ್ಟು ಹೇಳುವವನ ಹಾಗೆ, "ಅಂಥದ್ದನ್ನೆಲ್ಲ ಬೇಗ ಹೇಳ್ಬೇಕು. ಇವತ್ತೇ ಹೇಳಿಬಿಡು ಅನ್ನು ಅವಳಿಗೆ. ಆಮೇಲೆ ಮರ್ತುಬಿಡ್ತಾಳೆ," ಎಂದ.

"ರೀ," ಎಂದಳು.

ಅವನು ರೇಡಿಯೊದಿಂದ ಮುಖ ತಿರುಗಿಸಿ ಅವಳನ್ನು ನೋಡಿದ. ಅಂಗಡಿಯವನಿದ್ದಾನೆ, ಮುದುಕ ಕೇಳಿಸಿಕೊಳ್ಳುತ್ತಾನೆ ಎಂದೆಲ್ಲ ನೋಡದೆ, ಅವಳು ಹೇಳಿದಳು.